ಟ್ಯೂಬೇ ಬೇಕಾ, ಐ-ಜೆಲ್ ಸಾಕಾ? ಹೊಸ ಪ್ಯಾರಾಮೆಡಿಕ್ ಕೈಯಲ್ಲಿ ಯಾವುದು ಒಳ್ಳೆಯದು

ಆಂಬ್ಯುಲೆನ್ಸ್ ಕೆಲಸಕ್ಕೆ ಹೊಸದಾಗಿ ಬರುವವರಿಗೆ ತರಬೇತಿ ಕೊಡುತ್ತೇನೆ. ಪ್ರತಿ ಬ್ಯಾಚ್‌ನಲ್ಲೂ ಎಲ್ಲರ ಕಣ್ಣು ಮೊದಲು ಹೋಗುವುದು ಲ್ಯಾರಿಂಗೋಸ್ಕೋಪ್ ಮೇಲೆ, ಅಂದರೆ ಬಾಯಿಂದ ಗಂಟಲೊಳಗೆ ನೋಡುವ ಬ್ಲೇಡಿನ ಸಾಧನದ ಮೇಲೆ. ಉಸಿರಾಟಕ್ಕೆ ಶ್ವಾಸನಾಳದೊಳಗೆ ಟ್ಯೂಬ್ ಹಾಕಲು ಬಂದರೆ ಎಲ್ಲವೂ ಬಂದಂತೆ ಅನ್ನುವ ಭಾವನೆ. ಅಪಘಾತದ ಗಾಯಾಳು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಹೊಸಬರು ಅಂಬು ಬ್ಯಾಗ್ (ಮಾಸ್ಕ್ ಮೂಲಕ ಉಸಿರು ಕೊಡಲು ಕೈಯಿಂದ ಅದುಮುವ ಚೀಲ) ಮತ್ತು ಐ-ಜೆಲ್ (ಗಂಟಲಲ್ಲಿ, ಧ್ವನಿತಂತಿನ ಮೇಲೆ ಕೂರುವ ಮೆತ್ತನೆಯ ಉಸಿರುನಳಿಕೆ) ಚೆನ್ನಾಗಿ ಕಲಿಯಲಿ, ಟ್ಯೂಬ್ ಆಮೇಲೆ.

ಸುಮ್ನೆ ಹೇಳುತ್ತಿಲ್ಲ. ಎಲ್ಲವನ್ನೂ ಒಂದೇ ಮ್ಯಾನಿಕಿನ್ (ತರಬೇತಿಯ ಗೊಂಬೆ) ಮೇಲೆ, ಒಂದೇ ಥರದ ಕಷ್ಟದಲ್ಲಿ ಹಾಕಿ ನೋಡಿದ್ದೇನೆ. ಮ್ಯಾನಿಕಿನ್ ಮೇಜಿನ ಮೇಲಲ್ಲ, ನೆಲದ ಮೇಲೆ. ಕಾಲರ್‌ನ ಮುಂಭಾಗ ಬಿಚ್ಚಿ, ಕುತ್ತಿಗೆ ಅಲುಗದಂತೆ ಒಬ್ಬರು ತಲೆ ಹಿಡಿದಿರಬೇಕು. ಬಾಯೊಳಗೆ ಕೆಂಪು ಬಣ್ಣ ಬೆರೆಸಿದ ಗಂಜಿ.

ಮೊದಲು ಮೆಕಿಂತೋಷ್, ಲ್ಯಾರಿಂಗೋಸ್ಕೋಪಿನ ಬಾಗಿದ ಬ್ಲೇಡ್. 1943ರಿಂದ ಇರುವ ಹಳೆಯ ವಿನ್ಯಾಸ, ನುರಿತ ಕೈಯಲ್ಲಿ ಇವತ್ತಿಗೂ ಅದ್ಭುತ. ಆದರೆ ನೇರ ಕಣ್ಣಿಗೆ ಧ್ವನಿತಂತು ಕಾಣಬೇಕಾದರೆ ತಲೆ, ಕುತ್ತಿಗೆ ಸರಿಯಾದ ಭಂಗಿಗೆ ಬರಬೇಕು. ಗಾಯಾಳುವಿನ ಕುತ್ತಿಗೆಯನ್ನು ಹಾಗೆ ತಿರುಗಿಸುವಂತಿಲ್ಲವಲ್ಲ. ನೆಲದ ಮೇಲೆ ಬೋರಲು ಮಲಗಿ ನೋಡಿದರೂ ಎಷ್ಟೋ ಸಲ ಎಪಿಗ್ಲಾಟಿಸ್ (ಶ್ವಾಸನಾಳದ ಬಾಯಿಯ ಮುಚ್ಚಳ) ತುದಿ ಮಾತ್ರ ಕಾಣುತ್ತದೆ. ಆಗ ಹೊಸಬರ ಮಣಿಕಟ್ಟು ತಾನಾಗಿ ಹಿಂದಕ್ಕೆ ಮಡಚುತ್ತದೆ, ಬ್ಲೇಡ್ ಮೇಲಿನ ಹಲ್ಲಿಗೆ ತಾಗಿ ಟಕ್ ಅನ್ನುತ್ತದೆ. ಹಿಡಿ ತೋರಿಸುವ ದಿಕ್ಕಿಗೆ ಮೇಲೆತ್ತಬೇಕು, ಮೀಟಬಾರದು. ಇದು ಕೈಗೆ ಹತ್ತಲು ಕಾಲ ಬೇಕು. ಹತ್ತರಲ್ಲಿ ಒಂಬತ್ತು ಸಲ ಯಶಸ್ಸು ಸಿಗಬೇಕಾದರೆ ಕನಿಷ್ಠ 50 ರೋಗಿಗಳಿಗೆ ಟ್ಯೂಬ್ ಹಾಕಿರಬೇಕು ಅನ್ನುತ್ತವೆ ಅಧ್ಯಯನಗಳು. ಹೊಸಬರಿಗೆ ಅಷ್ಟು ಅವಕಾಶ ಎಲ್ಲಿ ಸಿಗುತ್ತದೆ?

ತುದಿಯಲ್ಲಿ ಕ್ಯಾಮೆರಾ ಇರುವ ವಿಡಿಯೋ ಲ್ಯಾರಿಂಗೋಸ್ಕೋಪ್ ಹಿಡಿದಾಗ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಕುತ್ತಿಗೆ ಅಲುಗಿಸದೆಯೇ ಧ್ವನಿತಂತು ಪರದೆಯ ಮೇಲೆ ಬರುತ್ತದೆ. ಪಕ್ಕದಲ್ಲಿರುವ ನನಗೂ ಅದೇ ಕಾಣುವುದರಿಂದ ಅಲ್ಲೇ ತಿದ್ದಬಹುದು. 2023ರಲ್ಲಿ ಪ್ರಕಟವಾದ ಅಮೆರಿಕದ ‘ಡಿವೈಸ್’ ಎಂಬ ಹೆಸರಿನ ಅಧ್ಯಯನದಲ್ಲಿ ಮೊದಲ ಯತ್ನದಲ್ಲೇ ಟ್ಯೂಬ್ ಹೋಗಿದ್ದು ವಿಡಿಯೋದಲ್ಲಿ 85.1%, ನೇರ ನೋಟದಲ್ಲಿ 70.8%. ಅದು ಆಸ್ಪತ್ರೆಯ ಒಳಗಿನ ಲೆಕ್ಕ, ರಸ್ತೆ ಬದಿಯದಲ್ಲ. ರಸ್ತೆಯಲ್ಲಿ ಮಟಮಟ ಮಧ್ಯಾಹ್ನದ ಬಿಸಿಲು ಪರದೆಗೆ ಹೊಡೆದರೆ ಏನೂ ಕಾಣದು. ಕ್ಯಾಮೆರಾಗೆ ರಕ್ತ ಮೆತ್ತಿದರೆ ಪರದೆ ಪೂರ್ತಿ ಕೆಂಪು. ಹಾಗಾಗಿ ರಕ್ತ ಹೀರುವ ಸಕ್ಷನ್ ನಳಿಕೆ ಮುಂದೆ, ಬ್ಲೇಡ್ ಅದರ ಹಿಂದೆ. ಬ್ಲೇಡ್ ಜಾಸ್ತಿ ಬಾಗಿದ್ದರೆ ಇನ್ನೊಂದು ಪೇಚು: ಧ್ವನಿತಂತು ಚೆನ್ನಾಗಿ ಕಾಣುತ್ತದೆ, ಟ್ಯೂಬ್ ಮಾತ್ರ ಅಲ್ಲಿಗೆ ತಿರುಗುವುದಿಲ್ಲ. ಅದೇ ಬಾಗಿನ ಗಟ್ಟಿ ಸ್ಟೈಲೆಟ್ (ಟ್ಯೂಬ್ ಒಳಗೆ ತೂರಿಸುವ ಕಡ್ಡಿ) ಇಲ್ಲದೆ ಆ ಬ್ಲೇಡ್ ಮುಟ್ಟಬೇಡಿ. ಹೊಸಬರಿಗೆ ಮೆಕಿಂತೋಷ್ ಆಕಾರದ ವಿಡಿಯೋ ಬ್ಲೇಡೇ ವಾಸಿ.

ಯಾವ ಬ್ಲೇಡ್ ಆದರೂ ಜೊತೆಗೆ ಬೂಜಿ ಇರಲಿ, ಅಂದರೆ ಟ್ಯೂಬ್‌ಗೆ ದಾರಿ ತೋರಿಸಲು ಮೊದಲು ಇಳಿಸುವ ಉದ್ದನೆಯ ತೆಳು ಕಡ್ಡಿ. ಬೆಲೆ ಕಡಿಮೆ, ಉಪಕಾರ ಬಹಳ. ಬಾಗಿದ ತುದಿ ಶ್ವಾಸನಾಳದ ಉಂಗುರಗಳ ಮೇಲೆ ಜಾರುವಾಗ ಬೆರಳಿಗೆ ಸಣ್ಣ ಕಟಕಟ ಸಿಗುತ್ತದೆ. ಅನ್ನನಾಳದಲ್ಲಿ ಆ ಕಟಕಟ ಇಲ್ಲ. ಅದರ ಮೇಲೆ ಟ್ಯೂಬ್ ಇಳಿಸುವಾಗ ಸಿಕ್ಕಿಕೊಂಡರೆ ಒತ್ತಬೇಡಿ. ಸ್ವಲ್ಪ ಹಿಂದೆ ಎಳೆದು, ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಮತ್ತೆ ಇಳಿಸಿ.

ಇನ್ನು ಐ-ಜೆಲ್. ಗಾಳಿ ತುಂಬುವ ಬಲೂನಿನಂಥ ಕಫ್ ಇಲ್ಲ, ನೋಡಬೇಕಾದ ಧ್ವನಿತಂತೂ ಇಲ್ಲ. ಜೆಲ್ಲಿ ಸವರಿ, ಅಂಗುಳಿನ ಗುಂಟ ತಡೆ ಸಿಗುವವರೆಗೆ ಜಾರಿಸಿದರೆ ಆಯಿತು. 50ರಿಂದ 90 ಕೆಜಿಯವರಿಗೆ 4ನೇ ಸೈಜ್. ಮೊದಲ ದಿನವೇ ಎಲ್ಲರ ಕೈಗೂ ಬರುತ್ತದೆ, ಕುತ್ತಿಗೆಯೂ ಅಲುಗುವುದಿಲ್ಲ. ಕೊರತೆ ಇಲ್ಲವೇ ಅಂದರೆ ಇದೆ. ಹೊಟ್ಟೆಯಿಂದ ಬಂದದ್ದು ಶ್ವಾಸಕೋಶಕ್ಕೆ ಇಳಿಯದಂತೆ ಟ್ಯೂಬ್ ತಡೆದಷ್ಟು ಇದು ತಡೆಯದು. ಮುಖ ನಜ್ಜುಗುಜ್ಜಾಗಿದ್ದರೆ ಸರಿಯಾಗಿ ಕೂರದು. ತಲೆಗೆ ಪೆಟ್ಟು ಬಿದ್ದು ದವಡೆ ಬಿಗಿದವರಿಗೆ, ಗಂಟಲು ಮುಟ್ಟಿದರೆ ಓಕರಿಸುವವರಿಗೆ ಹಾಕಲೇಬಾರದು. ಅಂಥವರಿಗೆ ಔಷಧ ಕೊಟ್ಟು ಟ್ಯೂಬ್ ಹಾಕುವುದು ಹೊಸಬರು ಒಂಟಿಯಾಗಿ ಮಾಡುವ ಕೆಲಸವೂ ಅಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಪ್ಯಾರಾಮೆಡಿಕ್‌ಗಳೇ ಹೀಗೆ ಮಾಡಿ ಒಳ್ಳೆಯ ಫಲಿತಾಂಶ ಕಂಡಿದ್ದಾರೆ, ನಿಜ. ಅವರು ಅದಕ್ಕೆಂದೇ ವಿಶೇಷ ತರಬೇತಿ ಪಡೆದವರು.

ಐ-ಜೆಲ್ ಹಾಕಲಾಗದ ಕಡೆ ಹೊಸಬರ ಕೈಹಿಡಿಯುವುದು ಅಂಬು ಬ್ಯಾಗ್, ಅದೂ ಇಬ್ಬರು ಸೇರಿ. ಒಬ್ಬರು ಎರಡೂ ಕೈಯಿಂದ ದವಡೆ ಮುಂದಕ್ಕೆತ್ತಿ ಮಾಸ್ಕ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬ್ಯಾಗ್ ಅದುಮಬೇಕು. ಒಂದೇ ಕೈಯಲ್ಲಿ ಹಿಡಿದರೆ ಪಕ್ಕದಿಂದ ಗಾಳಿ ಪುಸ್ ಅಂತ ಹೋಗುವುದು ಕೇಳಿಸುತ್ತದೆ. ನಿಮಿಷಕ್ಕೆ 10 ಉಸಿರು ಸಾಕು. ಗಾಬರಿಯಲ್ಲಿ ಎಲ್ಲರೂ ಜೋರಾಗಿ ಅದುಮುತ್ತಾರೆ, ಅದರಿಂದ ಕಾರ್ಬನ್ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆಪೆಟ್ಟಿನವರಿಗೆ ಇದು ಎರಡನೇ ಪೆಟ್ಟು.

ಟ್ಯೂಬೋ ಐ-ಜೆಲ್ಲೋ, ಹಾಕಿದ ಮೇಲೆ ಕ್ಯಾಪ್ನೋಗ್ರಫಿ (ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಪರದೆಯಲ್ಲಿ ಅಲೆಯಾಗಿ ತೋರಿಸುವ ಸಾಧನ) ಜೋಡಿಸಿ. ಟ್ಯೂಬ್ ಹಾಕಿಯೂ ಪರದೆಯಲ್ಲಿ ಅಲೆ ಬರದಿದ್ದರೆ ಅದು ಅನ್ನನಾಳದಲ್ಲಿದೆ ಅಂತಲೇ ತಿಳಿದು ತೆಗೆಯಿರಿ, ಅಂಬು ಬ್ಯಾಗ್‌ಗೆ ಮರಳಿ. ಸ್ಟ್ರೆಚರ್ ಎತ್ತಿ ಗಾಡಿಗೆ ಹಾಕಿದ ಮೇಲೆ ಆ ಅಲೆಯನ್ನು ಇನ್ನೊಮ್ಮೆ ನೋಡಿ. ಜಾಗ ಬದಲಿಸುವಾಗಲೇ ಟ್ಯೂಬ್ ಹೊರಗೆ ಜಾರುವುದು.