ಅಂಗಡಿ ಬಿಟ್ಟು ಅಮೆರಿಕಕ್ಕಾ, ಇದ್ದಲ್ಲೇ ಕಲಿಯೋದಾ?

ಇಂಡೋನೇಷ್ಯಾದ ಜೋಗ್ಯಕರ್ತಾದಲ್ಲಿ ಬಾಟಿಕ್ (ಮೇಣ ಬಳಸಿ ಬಣ್ಣ ಹಾಕಿದ) ಬಟ್ಟೆ ಮಾರುವ ಹೆಣ್ಣುಮಗಳಿಗೆ ಅಮೆರಿಕ ಸರ್ಕಾರದ ಈ ಎರಡು ಯೋಜನೆಗಳಲ್ಲಿ ಯಾವುದು ಸರಿ?

ಆಗ್ನೇಯ ಏಷ್ಯಾದ ಯುವಜನರಿಗಾಗಿ 2013ರಲ್ಲಿ ಶುರುವಾದದ್ದು 'ವೈಸೀಲಿ' (ಯಂಗ್ ಸೌತ್‌ಈಸ್ಟ್ ಏಷ್ಯನ್ ಲೀಡರ್ಸ್ ಇನಿಶಿಯೇಟಿವ್). ಅದರಲ್ಲಿ ಕೆಲಸ ಕಲಿಯಲು ಆಯ್ಕೆಯಾಗುವ 'ಪ್ರೊಫೆಷನಲ್ ಫೆಲೋ'ಗಳು 25ರಿಂದ 35 ವರ್ಷದವರು. ಕೆಲವು ವಾರ ಅಮೆರಿಕದ ಒಂದು ಸಂಸ್ಥೆಯೊಳಗೇ ಇದ್ದು ಕೆಲಸ ಕಲಿಯುತ್ತಾರೆ. ಅಲ್ಲಿ ಸಿಗುವ ಪರಿಚಯಗಳೇ ದೊಡ್ಡ ಲಾಭ. ಆದರೆ ಇಂಗ್ಲಿಷ್ ಚೆನ್ನಾಗಿ ಬರಬೇಕು. ಅಷ್ಟು ದಿನ ಅಂಗಡಿ, ಮಕ್ಕಳನ್ನು ನೋಡಿಕೊಳ್ಳುವವರೂ ಬೇಕಲ್ವಾ?

2019ರಲ್ಲಿ ಶುರುವಾದ 'ಎ.ಡಬ್ಲ್ಯು.ಇ.' (ಅಕಾಡೆಮಿ ಫಾರ್ ವಿಮೆನ್ ಆಂತ್ರಪ್ರೆನ್ಯೂರ್ಸ್) ವ್ಯಾಪಾರ ಮಾಡುವ ಹೆಂಗಸರಿಗೆಂದೇ ಇರುವುದು. 'ಡ್ರೀಮ್‌ಬಿಲ್ಡರ್' ಎಂಬ ಆನ್‌ಲೈನ್ ಪಾಠ, ಜೊತೆಗೆ ಸ್ಥಳೀಯರೇ ನಡೆಸುವ ತರಗತಿ. ಬೆಲೆ ಕಟ್ಟುವುದು, ಲೆಕ್ಕ ಇಡುವುದು ಕಲಿಸುತ್ತಾರೆ. ವಿಮಾನ ಹತ್ತುವ ಗಮ್ಮತ್ತು ಇಲ್ಲ, ನಿಜ. ವ್ಯಾಪಾರ ಈಗಷ್ಟೇ ಶುರುವಾಗಿದ್ದರೆ ನನ್ನ ಓಟು ಇದಕ್ಕೇ. ಹೊರದೇಶಕ್ಕೆ ಮಾರುವ ಹಂತಕ್ಕೆ ಬಂದವರು ವೈಸೀಲಿ ನೋಡಲಿ. ಎರಡಕ್ಕೂ ಈ ವರ್ಷ ಬ್ಯಾಚ್ ಇದೆಯೇ ಅಂತ ಮೊದಲು ಇಂಡೋನೇಷ್ಯಾದಲ್ಲಿರುವ ಅಮೆರಿಕ ರಾಯಭಾರ ಕಚೇರಿಯಲ್ಲಿ ಕೇಳಬೇಕು.