ಇಸ್ಪೀಟು: ಕಾಗದದ ಕಟ್ಟೋ, ಪ್ಲಾಸ್ಟಿಕ್ ಕಟ್ಟೋ?

ಪೆಟ್ಟಿಗೆ ಮೇಲೆ ‘ಪ್ಲಾಸ್ಟಿಕ್ ಕೋಟೆಡ್’ ಎಂದಿದ್ದರೆ ಮೋಸಹೋಗಬೇಡಿ, ಒಳಗಿರುವುದು ಕಾಗದವೇ. ಮೇಲೊಂದು ತೆಳು ಲೇಪ ಅಷ್ಟೆ. ‘100% ಪ್ಲಾಸ್ಟಿಕ್’ ಎಂದಿದ್ದರೆ ಅದು ಬೇರೆ ಜಾತಿ, ಹೆಚ್ಚಾಗಿ ಪಿವಿಸಿ. ಎರಡನ್ನೂ ರಮ್ಮಿ, ‘ಇಪ್ಪತ್ತೆಂಟು’ ಎಂಬ ಆಟ, ಇಸ್ಪೀಟಿನ ಜಾದೂ ಕೈಚಳಕ ಮೂರರಲ್ಲೂ ಆಡಿಸಿ ನೋಡಿದ್ದಾಗಿದೆ.

ಕಲೆಸುವಾಗ ಕಾಗದವೇ ಸುಖ. ಕಟ್ಟನ್ನು ಎರಡು ಪಾಲು ಮಾಡಿ ಹೆಬ್ಬೆರಳಿಂದ ಬಿಟ್ಟರೆ ಎಲೆಗಳು ಒಂದರೊಳಗೊಂದು ಸಲೀಸಾಗಿ ಕೂರುತ್ತವೆ. 52 ಎಲೆ ಚೆನ್ನಾಗಿ ಬೆರೆಯಲು ಹೀಗೆ 7 ಸಲವಾದರೂ ಮಾಡಬೇಕು. ಪ್ಲಾಸ್ಟಿಕ್ ಹೊಸದರಲ್ಲಿ ಜಾರುತ್ತದೆ, ಚೌಕ ಮಾಡಿಟ್ಟ ಕಟ್ಟು ಮೇಜಿನ ಮೇಲೆ ತಾನೇ ಹರಡಿಕೊಳ್ಳುತ್ತದೆ. ಕೆಳಗೊಂದು ಬಟ್ಟೆ ಹಾಸಿದರೆ ಸರಿ.

ಕಾಗದ ಕೆಡುವುದು ಅಂಚಿನಿಂದ. ಲೇಪ ಇರುವುದು ಮುಖಕ್ಕೆ, ಬೆನ್ನಿಗೆ. ಕತ್ತರಿಸಿದ ಅಂಚು ಬೋಳು. ಬೆವರು, ಮಳೆಗಾಲದ ತೇವ ಅಲ್ಲಿಂದಲೇ ಒಳಸೇರಿ ಎಲೆ ಉಬ್ಬುತ್ತದೆ. ತನ್ನದೇ ಪೆಟ್ಟಿಗೆಗೆ ಕಟ್ಟು ಹಿಡಿಸದಿದ್ದರೆ ಅದರ ಆಯಸ್ಸು ಮುಗಿಯಿತೆಂದೇ ಲೆಕ್ಕ.

ಇಪ್ಪತ್ತೆಂಟು ಆಡುವವರಿಗೆ ಇನ್ನೊಂದು ತೊಡಕು. ಆಟಕ್ಕೆ ಬರುವುದು 7ರಿಂದ ಎಕ್ಕದವರೆಗಿನ 32 ಎಲೆ. 2ರಿಂದ 6ರವರೆಗಿನ 20 ಎಲೆ ಹೆಚ್ಚುಕಡಿಮೆ ಹೊಸದಾಗೇ ಉಳಿಯುತ್ತವೆ. ಅದೇ ಕಾಗದದ ಕಟ್ಟಲ್ಲಿ ಆಮೇಲೆ ರಮ್ಮಿಗೆ ಕೂತರೆ, ಬೆನ್ನು ನೋಡಿಯೇ ಎದುರಿನವನ ಕೈಯಲ್ಲಿ ಸಣ್ಣೆಲೆ ಎಷ್ಟೆಂದು ಹೇಳಬಹುದು! ಇಪ್ಪತ್ತೆಂಟಕ್ಕೆ ಬೇರೆಯೇ ಕಟ್ಟು ಇಡಿ.

ಪ್ಲಾಸ್ಟಿಕ್ಕಿಗೆ ಈ ಕಾಟ ಕಡಿಮೆ, ಏಕೆಂದರೆ ಅದನ್ನು ಒರೆಸಬಹುದು. ಹಿಂಡಿದ ಒದ್ದೆ ಬಟ್ಟೆಗೆ ಒಂದು ಹನಿ ಪಾತ್ರೆ ಸೋಪು ಹಾಕಿ ಒಂದೊಂದೇ ಎಲೆ ಒರೆಸಿ, ಒಣಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಹರಡಿ. ಥಿನ್ನರ್ ಮುಟ್ಟಿಸಿದರೆ ಬಣ್ಣ ಕಿತ್ತುಬರುತ್ತದೆ. ಬಾಗಿದ ಎಲೆಗಳನ್ನು ದಪ್ಪ ಪುಸ್ತಕದಡಿ ರಾತ್ರಿಯಿಡೀ ಇಟ್ಟರೆ ಬಹುಪಾಲು ನೆಟ್ಟಗಾಗುತ್ತವೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಸೊಟ್ಟಗಾದದ್ದು ಮಾತ್ರ ಹಾಗೇ. ಮಡಚಿ ಬಿದ್ದ ಬಿಳಿ ಗೆರೆಯೂ ಹೋಗದು.

ರಮ್ಮಿಗೆ ಇದಕ್ಕಿಂತ ಮುಖ್ಯವಾದದ್ದು ಅಗಲ. ಪೋಕರ್ ಅಳತೆ ಸುಮಾರು 63 ಮಿ.ಮೀ., ಬ್ರಿಡ್ಜ್ ಅಳತೆ 57. ಎತ್ತರ ಎರಡಕ್ಕೂ 88ರಷ್ಟು. 13 ಎಲೆ ಬೀಸಣಿಗೆಯಂತೆ ಹಿಡಿಯಬೇಕಾದಲ್ಲಿ ಆ 6 ಮಿ.ಮೀ. ಬೆರಳಿಗೆ ಚೆನ್ನಾಗೇ ಗೊತ್ತಾಗುತ್ತದೆ. ಎರಡು ಕಟ್ಟು ಸೇರಿಸುವುದಾದರೆ ಒಂದೇ ಬೆನ್ನಿನವು, ಜೊತೆಯಾಗಿ ಹಳೆಯದಾದವು ಬೇಕು, ಹೊಸದು–ಹಳೆಯದು ಬೆರೆಸಬೇಡಿ. ವಾರವಾರ ಆಡುವ ಮನೆಗೆ ನಮ್ಮ ಮತ ಬ್ರಿಡ್ಜ್ ಅಳತೆಯ ಪ್ಲಾಸ್ಟಿಕ್ಕಿಗೆ.

ಕೈಚಳಕಕ್ಕೆ ಕಾಗದವೇ ಸೈ. ಮೂಲೆ ತುಸು ಬಗ್ಗಿಸಿ ಗುರುತಿಟ್ಟರೆ ಕಾಗದ ಆ ಬಾಗು ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ ಪುಟಿದು ನೆಟ್ಟಗಾಗುತ್ತದೆ. ಮಕ್ಕಳು ಎಲೆಮನೆ ಕಟ್ಟಲೂ ಅಷ್ಟೇ: ನುಣುಪು ಹೋದ ಹಳೇ ಕಾಗದದ ಕಟ್ಟನ್ನು ಎಸೆಯದೆ ಅವರಿಗೆ ಕೊಡಿ.