ತಾಳಮದ್ದಳೆಯ ದೀಪಕ್ಕೆ ಯಾವ ಡ್ರೈವರ್? 555, ಎಲ್‌ಎಂ317, ಪಿಟಿ4115

ಡ್ರೈವರ್ ಎಂದರೆ ಎಲ್‌ಇಡಿಗೆ ಹದವಾಗಿ ಕರೆಂಟು ಕೊಡುವ ಸರ್ಕ್ಯೂಟ್, ತಲೆಬರಹದ ಮೂರೂ ಅದಕ್ಕೆ ಬಳಸುವ ಐಸಿಗಳ ಹೆಸರು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಿಟಿ4115ಕ್ಕೆ. ಅಲ್ಲಿಗೆ ಮುಟ್ಟುವ ಮೊದಲು ಎರಡು ಸರ್ಕ್ಯೂಟ್ ಕಟ್ಟಿ ಬಿಚ್ಚಿದ್ದೇನೆ. ಒಂದು ಇಡೀ ರಾತ್ರಿಯ ವಿಡಿಯೋ ಹಾಳಾಗಿದೆ.

ನಮ್ಮ ಮನೆ ಬದಿಯಡ್ಕದ ಹತ್ತಿರ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ಆಟ ಇರುವುದಿಲ್ಲ. ಆಗ ಚಾವಡಿಯಲ್ಲಿ, ವೇಷವಿಲ್ಲದೆ ಕೂತು ಪದ, ಮಾತಿನಲ್ಲೇ ನಡೆಸುವ ತಾಳಮದ್ದಳೆ ಇಟ್ಟುಕೊಳ್ಳುತ್ತೇವೆ. ಆಟಿ ತಿಂಗಳ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಮತ್ತೆ ಬೆಳಗ್ಗೆಯೇ. ಹಾಗಾಗಿ 12 ವೋಲ್ಟ್ ಬ್ಯಾಟರಿಯ ದೀಪ ಬೇಕಿತ್ತು. ಭಾಗವತರಿಗೆ ಪ್ರಸಂಗ ಪುಸ್ತಕ ಕಾಣಬೇಕು, ಅರ್ಥಧಾರಿಗಳ ಕಣ್ಣಿಗೆ ಬೆಳಕು ಚುಚ್ಚಬಾರದು. ಅಂದರೆ ಬೆಳಕು ಹೆಚ್ಚುಕಡಿಮೆ ಮಾಡಲು ಬರಬೇಕು, ಅಲ್ವಾ? ಜೊತೆಗೆ, ದೂರದ ಊರಲ್ಲಿರುವ ಮಕ್ಕಳಿಗೆ ಕಳಿಸಲು ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇನೆ. 1 ವ್ಯಾಟಿನ ಬಿಳಿ ಎಲ್‌ಇಡಿ ಮೂರನ್ನು ಸಾಲಾಗಿ ಜೋಡಿಸಿದೆ. ತಲಾ 3.2 ವೋಲ್ಟ್ ಹಿಡಿದರೆ ಒಟ್ಟು 9.6.

230 ವೋಲ್ಟಿನ ಗೋಡೆ ಡಿಮ್ಮರ್ ಈ ಹೋಲಿಕೆಯಲ್ಲಿಲ್ಲ. ಕರೆಂಟೇ ಇಲ್ಲದಾಗ ಅದರಿಂದ ಏನೂ ಆಗದು.

ಮೊದಲು ಕಟ್ಟಿದ್ದು 555 ಟೈಮರ್, ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಒಂದು ಮಾಸ್‌ಫೆಟ್, ಎಲ್‌ಇಡಿ ಸಾಲಿಗೆ 8.2 ಓಮ್ ರೆಸಿಸ್ಟರ್. 100 ಕಿಲೋಓಮ್ ಪಾಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್), 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದರಿಂದ ಸೆಕೆಂಡಿಗೆ ಸುಮಾರು 640 ಸಲ ದೀಪ ಹತ್ತಿ ಆರುತ್ತದೆ. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಪಾಟ್ ತಿರುಗಿಸಿದರೆ ಸೊನ್ನೆಯಿಂದ ಪೂರ್ತಿವರೆಗೆ ಬೆಳಕು ನುಣ್ಣಗೆ ಏರುತ್ತದೆ. ಆ ರಾತ್ರಿ ಚಾವಡಿಯಲ್ಲಿ ಎಲ್ಲರಿಗೂ ಖುಷಿಯಾಗಿತ್ತು.

ಮರುದಿನ ವಿಡಿಯೋ ನೋಡಿದರೆ ಭಾಗವತರ ಮುಖದ ಮೇಲೆ ಕಪ್ಪು ಪಟ್ಟಿಗಳು ಮೆಲ್ಲನೆ ಸರಿಯುತ್ತಿದ್ದವು. ಮೊದಲಿಂದ ಕೊನೆಯವರೆಗೆ ಹಾಗೆಯೇ. ಮೊಬೈಲ್ ಕ್ಯಾಮೆರಾ ಇಡೀ ಚಿತ್ರವನ್ನು ಒಟ್ಟಿಗೆ ತೆಗೆಯುವುದಿಲ್ಲ. ಒಂದೊಂದೇ ಗೆರೆಯಾಗಿ ಓದುತ್ತಾ ಹೋಗುತ್ತದೆ. ಒಂದು ಚಿತ್ರ ಓದಿ ಮುಗಿಯುವಷ್ಟರಲ್ಲಿ ನನ್ನ ದೀಪ ಹಲವು ಸಲ ಆರಿ ಹತ್ತಿರುತ್ತದೆ. ಆರಿದಾಗ ಓದಿದ ಗೆರೆಗಳು ಕಪ್ಪು. ಬೆಳಕು ತಗ್ಗಿಸಿದಷ್ಟೂ ಆರಿರುವ ಹೊತ್ತು ಜಾಸ್ತಿ, ಪಟ್ಟಿಯೂ ಅಗಲ. ದೀಪ ಪೂರ್ತಿ ಉರಿಯುವಾಗ ಮಾತ್ರ ಪಟ್ಟಿ ಇಲ್ಲ. ಆದರೆ ಪೂರ್ತಿ ಉರಿಸುವುದಾದರೆ ಡಿಮ್ಮರ್ ಯಾಕೆ?

ಇನ್ನೊಂದು ಕಾಟ ಸದ್ದಿನದು. ಮೈಕಿನ ಆಂಪ್ಲಿಫೈಯರೂ ಅದೇ ಬ್ಯಾಟರಿಯಿಂದ ಓಡುತ್ತಿತ್ತು. ದೀಪ ಎಳೆದು ಬಿಡುವ ಕರೆಂಟಿನ ಏರಿಳಿತ ಆಂಪ್ಲಿಫೈಯರಿಗೂ ಹೋಗಿ, ಪದದ ಹಿಂದೆ ಗುಂಯ್ ಎಂಬ ಸದ್ದು ಕೂತಿತ್ತು. ಚೆಂಡೆ ಬಾರಿಸುವಾಗ ಅಡಗುತ್ತದೆ. ಆದರೆ ಅರ್ಥ ಹೇಳುವವರು ಮಾತು ನಿಲ್ಲಿಸಿ ಉಸಿರು ತೆಗೆದುಕೊಳ್ಳುವಾಗ ಅದೊಂದೇ ಕೇಳುತ್ತದೆ. ಬ್ಯಾಟರಿ ವೈರಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಸದ್ದು ತಗ್ಗಿತು, ಹೋಗಲಿಲ್ಲ. ಟೈಮರಿನ ಕೆಪಾಸಿಟರ್ 0.001ಕ್ಕೆ ಇಳಿಸಿ ದೀಪ ಹತ್ತಿ ಆರುವ ವೇಗವನ್ನು 14 ಕಿಲೋಹರ್ಟ್ಸಿಗೆ (ಸೆಕೆಂಡಿಗೆ 14 ಸಾವಿರ ಸಲಕ್ಕೆ) ಏರಿಸಿದೆ. ಪಟ್ಟಿಗಳು ಮಾಯವಾದವು. ಸದ್ದೂ ಹೋಯಿತೆಂದುಕೊಂಡೆ. ಅಣ್ಣನ ಮಗಳು ಬಂದವಳೇ "ಚಿಕ್ಕಪ್ಪ, ಸಪೂರಕ್ಕೆ ಸಿಳ್ಳೆ ಹೊಡೆದ ಹಾಗೆ ಕೇಳ್ತದೆ" ಎಂದಳು. ನನ್ನ ವಯಸ್ಸಿನ ಕಿವಿಗೆ ಅದು ಕೇಳುವುದಿಲ್ಲ, ಅವಳಿಗೆ ಕೇಳುತ್ತದೆ.

20 ಕಿಲೋಹರ್ಟ್ಸ್ ದಾಟಿಸಿದ್ದರೆ ಅದೂ ಹೋಗುತ್ತಿತ್ತು. ಅಷ್ಟರಲ್ಲಿ ಒಂದು ಎಲ್‌ಇಡಿ ಸುಟ್ಟಿತು. ಬ್ಯಾಟರಿ 12ರಲ್ಲಿ ಇರುವಾಗ ರೆಸಿಸ್ಟರಿಗೆ 2.4 ವೋಲ್ಟ್ ಸಿಕ್ಕಿ ಸುಮಾರು 290 ಮಿಲಿಆಂಪ್ ಹರಿಯುತ್ತದೆ. ಚಾರ್ಜರ್ ಹಾಕಿ 14.4 ಆದಾಗ ಅದು ನೇರ ಇಮ್ಮಡಿ. 350 ಮಿಲಿಆಂಪಿನ ಎಲ್‌ಇಡಿ ಎಷ್ಟು ಹೊತ್ತು ತಡೆದೀತು?

ಎರಡನೆಯದು ಎಲ್‌ಎಂ317. ಅದರಲ್ಲಿ ಪಟ್ಟಿ ಇಲ್ಲ, ಸದ್ದಿಲ್ಲ. ಕರೆಂಟನ್ನೂ ಹಿಡಿದಿಡುತ್ತದೆ. 1.25ನ್ನು ರೆಸಿಸ್ಟರಿನಿಂದ ಭಾಗಿಸಿದರೆ ಆಯಿತು, 3.6 ಓಮಿಗೆ 347 ಮಿಲಿಆಂಪ್. ಆದರೆ ಅದಕ್ಕೇ 3 ವೋಲ್ಟಿನಷ್ಟು ಬೇಕು, 12ರಲ್ಲಿ ಮೂರು ಎಲ್‌ಇಡಿ ಸರಿಯಾಗಿ ಉರಿಯುವುದಿಲ್ಲ. ಎರಡೇ ಹಾಕಿದರೆ 2 ವ್ಯಾಟಿನಷ್ಟು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಯನ್ನು ಬೆಳಗ್ಗೆವರೆಗೆ ಎಳೆಯಬೇಕಾದಾಗ ಅದು ಸಣ್ಣ ನಷ್ಟವಲ್ಲ. ಬೆಳಕು ತಗ್ಗಿಸುವ ಪಾಟ್ ಮೂಲಕವೂ ಪೂರ್ತಿ ಕರೆಂಟು ಹರಿಯುವುದರಿಂದ ಮಾಮೂಲಿ ಕಾರ್ಬನ್ ಪಾಟ್ ನಡೆಯುವುದಿಲ್ಲ. ಓದುವ ಮೇಜಿನ ಒಂದೇ ಎಲ್‌ಇಡಿಗೆ, 5 ವೋಲ್ಟ್ ಚಾರ್ಜರಿನಲ್ಲಿ ಓಡಿಸುವುದಾದರೂ ವೋಲ್ಟ್ ಸಾಲದು.

ಪಿಟಿ4115 ಬೋರ್ಡಿಗೆ ಕಾಯಿಲ್ ಇದೆ. ಕರೆಂಟನ್ನು ಅತಿ ವೇಗವಾಗಿ ಕತ್ತರಿಸಿದರೂ ಕಾಯಿಲ್ ಅದನ್ನು ಸಮ ಮಾಡಿ ಕೊಡುತ್ತದೆ, ದೀಪ ಆರುವುದೇ ಇಲ್ಲ. 0.33 ಓಮ್ ರೆಸಿಸ್ಟರಿಗೆ 300 ಮಿಲಿಆಂಪ್, ಬ್ಯಾಟರಿ 12 ಇರಲಿ 14.4 ಇರಲಿ. ಐಸಿಯ ಡಿಮ್ ಕಾಲಿಗೆ (ಬೆಳಕು ತಗ್ಗಿಸುವ ಪಿನ್ನಿಗೆ) 0.5ರಿಂದ 2.5 ವೋಲ್ಟ್ ಕೊಟ್ಟರೆ ಕರೆಂಟೇ ಏರಿಳಿಯುತ್ತದೆ. 78ಎಲ್05 ಎಂಬ ರೆಗ್ಯುಲೇಟರಿನಿಂದ 5 ವೋಲ್ಟ್ ತೆಗೆದು, 4.7 ಕಿಲೋಓಮ್ ರೆಸಿಸ್ಟರ್, ಅದರ ಕೆಳಗೆ ಅಷ್ಟೇ ಓಮಿನ ಪಾಟ್ ಹಾಕಿದೆ. ಪಟ್ಟಿ ಇಲ್ಲ, ಗುಂಯ್ ಇಲ್ಲ, ಸಿಳ್ಳೆಯೂ ಇಲ್ಲ.

ಒಂದು ಮಿತಿ ಇದೆ. ಐದನೇ ಒಂದು ಪಾಲಿಗಿಂತ ಕೆಳಗೆ ಬೆಳಕು ಇಳಿಯುವುದಿಲ್ಲ, 0.5 ವೋಲ್ಟ್ ಆದ ಮೇಲೆ ದೀಪ ಆರಿಬಿಡುತ್ತದೆ. ಮಲಗುವ ಕೋಣೆಗೆ ಮಂದ ಬೆಳಕು ಬೇಕಾದವರು 20 ಕಿಲೋಹರ್ಟ್ಸ್ ದಾಟಿದ 555 ಕಟ್ಟುವುದೇ ಒಳ್ಳೆಯದು. ನನಗೆ ಪುಸ್ತಕ ಓದುವಷ್ಟು ಬೆಳಕು ಹೇಗೂ ಬೇಕು.

ಕೊಳ್ಳುವಾಗ ಡಿಮ್ ಕಾಲು ಹೊರಗೆ ತೆಗೆದ ಬೋರ್ಡನ್ನೇ ನೋಡಿ. ನನಗೆ ಸಿಕ್ಕಿದ್ದರಲ್ಲಿ ಅದಿರಲಿಲ್ಲ, ಭೂತಗನ್ನಡಿ ಹಿಡಿದು ಕೂದಲಿನಂಥ ತಂತಿ ಬೆಸೆದೆ. ಹಲವು ಬೋರ್ಡುಗಳಲ್ಲಿ ಪ್ಲಸ್, ಮೈನಸ್ ತಿರುಗಿದರೂ ಸರಿಮಾಡಿ ಕೊಡುವ ಬ್ರಿಡ್ಜ್ ಡಯೋಡ್ ಇರುತ್ತದೆ, ಅದು ಒಂದು ವೋಲ್ಟಿನಷ್ಟು ತಿನ್ನುತ್ತದೆ. ಬ್ಯಾಟರಿ ಇಳಿದಾಗ ಆ ಒಂದು ವೋಲ್ಟ್ ಬೇಕೇ ಬೇಕು. ನಾನು ಅದನ್ನು ಬಿಟ್ಟು ನೇರ ಬೆಸೆದಿದ್ದೇನೆ. ಹಾಗೆ ಮಾಡಿದ ಮೇಲೆ ಪ್ಲಸ್, ಮೈನಸ್ ತಿರುಗಿ ಕೊಟ್ಟರೆ ಐಸಿ ಹೋಗುತ್ತದೆ. ಅದಕ್ಕೇ ಬ್ಯಾಟರಿ ವೈರಿಗೆ ಕೆಂಪು ಟೇಪು ಸುತ್ತಿ ಇಟ್ಟಿದ್ದೇನೆ.